ಒಂದೇ ಗಿಟಾರ್, ಎರಡು ಸ್ಪೀಕರ್: ಎಡ್ಡಿ ವ್ಯಾನ್ ಹೇಲೆನ್ ನಾದವನ್ನು ಮನೆಯಲ್ಲಿ ಕಟ್ಟುವುದು

(ಧಾರವಾಡದಲ್ಲಿ ಗಿಟಾರ್ ನುಡಿಸುವ ಕೆಲ ಗೆಳೆಯರು ಸೇರಿಸಿದ್ದ ಒಂದು ಸಂಜೆಯ ಮಾತು. ಅಲ್ಲಿ ನುಡಿಸಿ ತೋರಿಸಿದ್ದನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಗಿಟಾರ್ ಇನ್ನೂ ಚೀಲದಲ್ಲೇ ಇರಲಿ. ಮೊದಲು ಒಂದು ರೆಕಾರ್ಡಿಂಗ್ ಕೇಳೋಣ. ಅಮೆರಿಕದ ರಾಕ್ ತಂಡ ವ್ಯಾನ್ ಹೇಲೆನ್‌ನ ಮೊದಲ ಆಲ್ಬಮ್ ಇದು. 1978ರ ಫೆಬ್ರವರಿಯಲ್ಲಿ ಬಂತು. ಈಗ ಎಡಗಡೆಯ ಸ್ಪೀಕರ್ ಬಂದ್ ಮಾಡುತ್ತೇನೆ. ಏನು ಉಳಿಯಿತು? ಡ್ರಮ್ಸ್ ಇದೆ, ಬೇಸ್ ಇದೆ, ಹಾಡುವವರ ದನಿಯೂ ಇದೆ. ಗಿಟಾರ್ ಹಿಂದಕ್ಕೆ ಹೋಯಿತು. ಅದರ ಪ್ರತಿಧ್ವನಿಯೇ ಹೆಚ್ಚಾಗಿ ಕೇಳುತ್ತಿದೆ. ಈಗ ಬಲಗಡೆಯದನ್ನು ಬಂದ್ ಮಾಡಿ ಎಡಗಡೆಯದನ್ನು ಹಚ್ಚುತ್ತೇನೆ. ಗಿಟಾರ್ ಕಿವಿಯ ಹತ್ತಿರಕ್ಕೇ ಬಂತು, ಅಲ್ವಾ? ದನಿ ಮಾತ್ರ ಒಣ ಒಣ.

ಈ ಆಲ್ಬಮ್ ಕೇಳಿದ ಎಷ್ಟೋ ಜನ ಹೇಳುವುದು ಒಂದೇ ಮಾತು: ಎರಡು ಮೂರು ಗಿಟಾರ್ ಒಂದರ ಮೇಲೊಂದು ಪೇರಿಸಿರಬೇಕು. ಮನೆಯಲ್ಲಿ ಆ ನಾದ ತರಲು ಹೊರಟವರೂ ಹಾಗೇ ಮಾಡುತ್ತಾರೆ. ಒಂದೇ ಭಾಗವನ್ನು ನಾಲ್ಕು ಸಲ ನುಡಿಸುತ್ತಾರೆ, ನಾಲ್ಕು ಟ್ರ್ಯಾಕ್ ಕೂಡಿಸುತ್ತಾರೆ, ಮೇಲೆ ಫೇಸರ್ (ದನಿಯನ್ನು ಓಲಾಡಿಸುವ ಪೆಡಲ್) ಸುರಿಯುತ್ತಾರೆ. ಬರುವುದು ಬರೀ ರಾಡಿ. ಅಸಲಿಗೆ ಆ ಆಲ್ಬಮ್‌ನ ಬಹುಪಾಲು ತಂಡ ಸ್ಟುಡಿಯೋದಲ್ಲಿ ಒಟ್ಟಿಗೆ ನಿಂತು ನುಡಿಸಿದ್ದು. ಆಮೇಲೆ ಸೇರಿಸಿದ್ದು ಬಹಳ ಕಡಿಮೆ. ನಮಗೆ ಪದರ ಪದರವಾಗಿ ಕೇಳುವುದು ಒಂದೇ ಗಿಟಾರ್ ದಾಟಿ ಬಂದ ಹಂತಗಳು. ಯಾವ ಹಂತ ಮೊದಲು, ಯಾವುದು ಆಮೇಲೆ ಎನ್ನುವುದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಇವತ್ತಿನ ಮಾತು ಆ ಸರದಿಯ ಬಗ್ಗೆ.

ತಂಡದ ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲೆನ್ ಹುಟ್ಟಿದ್ದು 1955ರಲ್ಲಿ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ. ತಂದೆ ಕ್ಲಾರಿನೆಟ್, ಸ್ಯಾಕ್ಸೋಫೋನ್ ನುಡಿಸುತ್ತಿದ್ದರು. ತಾಯಿ ಇಂಡೋನೇಷ್ಯಾ ಮೂಲದವರು. 1962ರಲ್ಲಿ ಮನೆಮಂದಿಯೆಲ್ಲ ಕ್ಯಾಲಿಫೋರ್ನಿಯಾಕ್ಕೆ ಹೋದರು. ಗಿಟಾರ್ ಕೂಡ ಅವರೇ ಜೋಡಿಸಿಕೊಂಡದ್ದು: ಅಗ್ಗಕ್ಕೆ ಸಿಕ್ಕ ಮರದ ಬಾಡಿ, ಬೇರೆ ಕಡೆಯಿಂದ ತಂದ ನೆಕ್, ಗಿಬ್ಸನ್ ಗಿಟಾರಿನಿಂದ ಕಿತ್ತ ಹಂಬಕರ್ ಪಿಕಪ್ (ತಂತಿಯ ಕಂಪನವನ್ನು ಕರೆಂಟಿನ ಸಿಗ್ನಲ್ ಮಾಡುವ ಭಾಗ). ಆ ಪಿಕಪ್ ಜೋರು ಸದ್ದಿಗೆ ಕಿರುಚದಿರಲಿ ಎಂದು ಅದನ್ನು ಕರಗಿದ ಮೇಣದಲ್ಲಿ ಅದ್ದಿದ್ದರು. ತಿರುಗಿಸಲು ಇದ್ದದ್ದು ಒಂದೇ ಗುಂಡಿ, ವಾಲ್ಯೂಮ್. ಗಿಟಾರ್ ಬಗ್ಗೆ ಇಷ್ಟು ಸಾಕು. ಜನ ಗಿಟಾರ್ ಮೇಲೆ ಬಳಿದ ಪಟ್ಟೆ ಪಟ್ಟೆ ಬಣ್ಣದ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ನಾದಕ್ಕೂ ಬಣ್ಣಕ್ಕೂ ಏನೂ ಸಂಬಂಧ ಇಲ್ಲ.

ಈಗ ಈ ಕಿತ್ತಳೆ ಬಣ್ಣದ ಡಬ್ಬಿ. ಇದೇ ಫೇಸರ್, ಹೆಸರು ಫೇಸ್ 90. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಊರಿನ ಎಂಎಕ್ಸ್‌ಆರ್ ಕಂಪನಿ 1974ರಲ್ಲಿ ಹೊರತಂದದ್ದು. ವಿನ್ಯಾಸ ಕೀತ್ ಬಾರ್ ಅವರದು. ಇದರ ಮೇಲೂ ಒಂದೇ ಗುಂಡಿ, ವೇಗದ್ದು.

ಒಳಗೆ ನಡೆಯುವುದು ಇಷ್ಟು. ಗಿಟಾರ್‌ನಿಂದ ಬಂದ ಸಿಗ್ನಲ್ ಎರಡಾಗುತ್ತದೆ. ಒಂದು ಸೀದಾ ಹೋಗುತ್ತದೆ. ಇನ್ನೊಂದು ನಾಲ್ಕು ಮೆಟ್ಟಿಲು ದಾಟಿ ಹೋಗುತ್ತದೆ. ಈ ಮೆಟ್ಟಿಲುಗಳು ದನಿಯ ಜೋರನ್ನು ಮುಟ್ಟುವುದಿಲ್ಲ, ಅಲೆಯನ್ನು ಮಾತ್ರ ಸ್ವಲ್ಪ ಸರಿಸುತ್ತವೆ. ತಗ್ಗಿನ ಸ್ವರವನ್ನು ಒಂದಿಷ್ಟು, ಎತ್ತರದ ಸ್ವರವನ್ನು ಇನ್ನೊಂದಿಷ್ಟು. ಕೊನೆಗೆ ಎರಡನ್ನೂ ಕೂಡಿಸಿದಾಗ, ಎಲ್ಲಿ ಒಂದು ಅಲೆ ಇನ್ನೊಂದಕ್ಕೆ ಪೂರ್ತಿ ಉಲ್ಟಾ ಬೀಳುತ್ತದೋ ಅಲ್ಲಿ ದನಿ ಅಳಿಸಿ ಹೋಗುತ್ತದೆ. ಅಲ್ಲೊಂದು ತೂತು ಬೀಳುತ್ತದೆ ಅನ್ನೋಣ. ನಾಲ್ಕು ಮೆಟ್ಟಿಲಿಗೆ ಎರಡು ತೂತು.

ನಾಲ್ಕೂ ಮೆಟ್ಟಿಲು ಒಂದೇ ಸಮ ಇದ್ದರೆ ಆ ಎರಡು ತೂತುಗಳ ಅಂತರ ಬದಲಾಗುವುದಿಲ್ಲ. ಮೇಲಿನದು ಕೆಳಗಿನದರ ಸುಮಾರು 5.8 ಪಟ್ಟು. ನಿಮ್ಮ ಲೆಕ್ಕದಲ್ಲಿ ಹೇಳುವುದಾದರೆ ಎರಡೂವರೆ ಸಪ್ತಕ. ಕೆಳಗಿನದು 200 ಹರ್ಟ್ಜ್‌ನಲ್ಲಿದ್ದರೆ ಮೇಲಿನದು 1,160ರ ಆಸುಪಾಸು. ಡಬ್ಬಿಯೊಳಗೆ ನಿಧಾನವಾಗಿ ಏರಿಳಿಯುವ ಒಂದು ವೋಲ್ಟೇಜ್ ಇದೆ. ಅದು ಎರಡೂ ತೂತುಗಳನ್ನು ಜೋಡಿಯಾಗಿ ಮೇಲಕ್ಕೆ, ಕೆಳಕ್ಕೆ ಜಾರಿಸುತ್ತದೆ. ಗುಂಡಿ ತಿರುಗಿಸಿದರೆ ಬದಲಾಗುವುದು ಆ ಜಾರಾಟದ ವೇಗ. ಫ್ಲ್ಯಾಂಜರ್ ಎಂಬ ಪೆಡಲ್ ಬೇರೆ ಜಾತಿ. ಅದು ನಿಜವಾಗಿಯೂ ದನಿಯನ್ನು ತಡ ಮಾಡುತ್ತದೆ. 1 ಮಿಲಿಸೆಕೆಂಡ್ ತಡವಾದರೆ 500, 1,500, 2,500 ಹರ್ಟ್ಜ್ ಹೀಗೆ ಸಾಲು ಸಾಲಾಗಿ ತೂತು ಬೀಳುತ್ತವೆ. ಅದಕ್ಕೇ ಫ್ಲ್ಯಾಂಜರ್‌ನಲ್ಲಿ ವಿಮಾನ ಹೋದ ಸದ್ದು, ಫೇಸರ್‌ನಲ್ಲಿ ಬಾಯಿ ತೆರೆದು ಮುಚ್ಚಿದ ಸದ್ದು.

ಧಾರವಾಡದಲ್ಲಿ ಇದನ್ನು ವಿವರಿಸುವುದು ಸುಲಭ. ತಂಬೂರಿಯ ಜವಾರಿ ದಾರವನ್ನು ಕೂದಲೆಳೆಯಷ್ಟು ಸರಿಸಿದರೆ ಏನಾಗುತ್ತದೆ ಎಂದು ಇಲ್ಲಿ ಕೂತ ಅರ್ಧ ಜನಕ್ಕೆ ಗೊತ್ತು. ಒಂದೇ ತಂತಿ ಮೀಟಿದರೂ ಮೇಲಿನ ಸ್ವರಗಳು ಒಂದರ ಹಿಂದೊಂದು ಬೆಳಗಿ ಹೋಗುತ್ತವೆ. ಫೇಸರ್ ಮಾಡುವುದು ಇದರ ಉಲ್ಟಾ. ಅಲ್ಲಿ ಮೇಲಿನ ಸ್ವರಗಳು ಒಂದರ ಹಿಂದೊಂದು ಆರಿ ಮತ್ತೆ ಹತ್ತುತ್ತವೆ.

ಗಿಟಾರ್ ಈಗ ತೆಗೆಯುತ್ತೇನೆ. ಸ್ವರ ನುಡಿಸುವುದಿಲ್ಲ. ಎಡಗೈಯಿಂದ ತಂತಿಗಳನ್ನು ಮುಚ್ಚಿ ಹಿಡಿದು, ಬಲಗೈಯ ಅಂಚಿನಿಂದ ಸುಮ್ನೆ ಉಜ್ಜುತ್ತೇನೆ. ಕೇಳಿದಿರಾ? ಆ ಆಲ್ಬಮ್‌ನ ‘ಅಟಾಮಿಕ್ ಪಂಕ್’ ಹಾಡು ಶುರುವಾಗುವುದು ಹೀಗೆ. ಉಜ್ಜಿದ ಸದ್ದಿನಲ್ಲಿ ತಗ್ಗಿನಿಂದ ಎತ್ತರದ ತನಕ ಎಲ್ಲ ಕಂಪನಗಳೂ ಕಲಸಿಕೊಂಡಿರುತ್ತವೆ. ಅದಕ್ಕೇ ತೂತು ಎಲ್ಲಿಂದ ಎಲ್ಲಿಗೆ ಹೋಯಿತು ಎನ್ನುವುದು ಸ್ಪಷ್ಟ ಕೇಳುತ್ತದೆ. ಹೊಸ ಪೆಡಲ್ ತಂದವರು ಮೊದಲು ಈ ಪರೀಕ್ಷೆ ಮಾಡಬೇಕು. ಕಾರ್ಡ್ (ಒಟ್ಟಿಗೆ ಮೀಟುವ ಹಲವು ಸ್ವರ) ಹಿಡಿದು ಪರೀಕ್ಷೆ ಮಾಡಿದರೆ ಏನೂ ತಿಳಿಯುವುದಿಲ್ಲ.

ಇನ್ನು ಹಳೆಯದು ಒಳ್ಳೆಯದಾ, ಹೊಸದು ಒಳ್ಳೆಯದಾ ಎಂಬ ಜಗಳ. ಹಳೆಯ ಡಬ್ಬಿಯ ಮೇಲೆ ಹೆಸರು ಕೈಬರಹದ ಹಾಗೆ ಓರೆಯಾಗಿ ಬರೆದಿರುತ್ತದೆ, ಆಮೇಲಿನದರ ಮೇಲೆ ದಪ್ಪ ಅಚ್ಚಿನ ಅಕ್ಷರ. ಎಡ್ಡಿ ಬಳಸಿದ್ದು ಮೊದಲನೆಯದು. ವ್ಯತ್ಯಾಸ ಅಕ್ಷರದಲ್ಲಿಲ್ಲ, ಒಂದು ರೆಸಿಸ್ಟರ್‌ನಲ್ಲಿದೆ. ಆಮೇಲಿನ ಡಬ್ಬಿಯಲ್ಲಿ ನಾಲ್ಕು ಮೆಟ್ಟಿಲು ದಾಟಿದ ದನಿಯ ಸ್ವಲ್ಪ ಭಾಗವನ್ನು ಮತ್ತೆ ಹಿಂದಕ್ಕೆ ಕೊಡುತ್ತಾರೆ. ಇದಕ್ಕೆ ಫೀಡ್‌ಬ್ಯಾಕ್ ಎನ್ನುತ್ತಾರೆ. ಅದರಿಂದ ಸದ್ದು ನಡುವೆ ಉಬ್ಬಿ, ಒಡೆದ ಹಾಗೆ ಆಗುತ್ತದೆ. ಆ ರೆಸಿಸ್ಟರ್‌ನ ಒಂದು ಕಾಲು ಎತ್ತಿಬಿಟ್ಟರೆ ಹಳೆಯ ನಾದದ ಹತ್ತಿರ ಬರುತ್ತದೆ. ಬೆಸುಗೆ ಬರುವ ರೇಡಿಯೋ ರಿಪೇರಿಯವರಿಗೆ ಚಿಟಿಕೆ ಹೊಡೆಯುವಷ್ಟರಲ್ಲಿ ಆಗುವ ಕೆಲಸ. ಇದಕ್ಕಾಗಿ ಹಳೆಯ ಡಬ್ಬಿಗೆ ಮೂರುಪಟ್ಟು ದುಡ್ಡು ಕೊಡುವುದು ನನ್ನ ಪ್ರಕಾರ ಷೋಕಿ.

ಅದಕ್ಕಿಂತ ಮುಖ್ಯವಾದದ್ದು ಡಬ್ಬಿಯೊಳಗೆ ಇನ್ನೊಂದಿದೆ. ಹಿಂದಿನ ನಾಲ್ಕು ಸ್ಕ್ರೂ ತೆಗೆದು ಇಲ್ಲಿ ನೋಡಿ, ಬೋರ್ಡ್ ಮೇಲೆ ಬೆರಳ ತುದಿಗಿಂತ ಸಣ್ಣ ಪ್ರೀಸೆಟ್, ಅಂದರೆ ಒಳಗೇ ಇರುವ ಪುಟ್ಟ ಗುಂಡಿ. ನಾಲ್ಕು ಮೆಟ್ಟಿಲುಗಳಲ್ಲಿ ನಾಲ್ಕು ಟ್ರಾನ್ಸಿಸ್ಟರ್ ಇವೆ. ಜೆಫೆಟ್ ಎನ್ನುವ ಜಾತಿಯವು. ವೋಲ್ಟೇಜ್‌ಗೆ ತಕ್ಕಂತೆ ತಮ್ಮ ರೆಸಿಸ್ಟನ್ಸ್ ಬದಲಿಸುವುದು ಅವುಗಳ ಕೆಲಸ. ಆದರೆ ಅವು ಕೆಲಸ ಮಾಡುವ ಜಾಗ ಬಹಳ ಇಕ್ಕಟ್ಟು. ಆ ಜಾಗಕ್ಕೆ ಅವುಗಳನ್ನು ತಂದು ನಿಲ್ಲಿಸುವುದು ಈ ಪ್ರೀಸೆಟ್. ಸಣ್ಣ ಸ್ಕ್ರೂಡ್ರೈವರ್‌ನಿಂದ ಒಂದು ಕೊನೆಗೆ ತಿರುಗಿಸುತ್ತೇನೆ. ಫೇಸರ್ ಸತ್ತೇಹೋಯಿತು. ಇನ್ನೊಂದು ಕೊನೆಗೆ ಹೋದರೂ ಅಷ್ಟೇ. ನಡುವೆ ಒಂದು ಕಡೆ ಮಾತ್ರ ಉಸಿರಾಡತೊಡಗುತ್ತದೆ. ಆ ಜಾಗದಲ್ಲೂ ಸ್ವಲ್ಪ ಅತ್ತ ಹೋದರೆ ಏರುವಾಗ ಜಿಗಿಯುತ್ತದೆ, ಇತ್ತ ಬಂದರೆ ಇಳಿದಾಗ ಅಲ್ಲೇ ಕೂತುಬಿಡುತ್ತದೆ. ಎರಡರ ನಡುವೆ, ಏರುವುದೂ ಇಳಿಯುವುದೂ ಒಂದೇ ಸಮ ಆಗುವ ಕಡೆ ಬಿಡಬೇಕು. ‘ನನ್ನ ಪೆಡಲ್‌ನಲ್ಲಿ ಆ ನಾದ ಬರೋದೇ ಇಲ್ಲ’ ಎನ್ನುವವರು ಹೊಸದು ಕೊಳ್ಳುವ ಮೊದಲು ಇದನ್ನು ನೋಡಲಿ. ನಾಲ್ಕು ಜೆಫೆಟ್‌ಗಳೂ ಒಂದಕ್ಕೊಂದು ಹೊಂದುವಂಥವೇ ಆಗಿರಬೇಕು. ಕೈಗೆ ಸಿಕ್ಕ ನಾಲ್ಕನ್ನು ತಂದು ಹಾಕಿದರೆ ಒಬ್ಬೊಬ್ಬನದು ಒಂದೊಂದು ದಾರಿ.

ಈಗ ಸರದಿ. ಎಡ್ಡಿ ಫೇಸರನ್ನು ಆಂಪ್‌ನ (ದನಿಯನ್ನು ಜೋರು ಮಾಡುವ ಯಂತ್ರ) ಮುಂದೆ ಇಟ್ಟರು. ಗಿಟಾರ್, ಫೇಸರ್, ಟೇಪಿನ ಎಕೋ ಯಂತ್ರ, ಆಮೇಲೆ ಆಂಪ್. ದನಿ ಒಡೆಯುವುದು, ಅಂದರೆ ಡಿಸ್ಟಾರ್ಷನ್, ಆಂಪ್‌ನಲ್ಲಿ, ಫೇಸರ್ ಆದ ಮೇಲೆ. ಇದು ಏಕೆ ಮುಖ್ಯ? ಆಂಪ್ ದನಿಯನ್ನು ಒಡೆಯುವಾಗ ಹೊಸ ಹೊಸ ಮೇಲಿನ ಸ್ವರಗಳನ್ನು ಹುಟ್ಟಿಸುತ್ತದೆ. ಫೇಸರ್ ಕೊರೆದ ತೂತಿನೊಳಗೂ ಅವು ಬಂದು ಕೂರುತ್ತವೆ. ತೂತು ಅರ್ಧ ತುಂಬಿಹೋಗುತ್ತದೆ. ಉಳಿಯುವುದು ಮೆತ್ತನೆಯ ಓಲಾಟ. ಒಂದು ಕಾರ್ಡ್ ಹಿಡಿದು ನಿಂತರೆ ‘ಓ’ ಎನ್ನುವುದು ನಿಧಾನವಾಗಿ ‘ಆ’ ಆಗಿ ಮತ್ತೆ ‘ಓ’ ಆಗುತ್ತದೆ. ಅದೇ ಫೇಸರನ್ನು ಆಂಪ್ ಆದ ಮೇಲೆ ಇಟ್ಟರೆ, ಒಡೆದು ತುಂಬಿಕೊಂಡ ದನಿಯಲ್ಲಿ ಆಳವಾಗಿ ತೂತು ಬೀಳುತ್ತದೆ. ಆಗ ಕಿವಿಗೆ ಫೇಸರೇ ಕೇಳುತ್ತದೆ, ಗಿಟಾರ್ ಕೇಳುವುದಿಲ್ಲ. ಎರಡನ್ನೂ ನುಡಿಸುತ್ತೇನೆ, ನೀವೇ ಹೇಳಿ. ಹೌದು, ಮೊದಲನೆಯದೇ.

ವೇಗದ ಮಾತು ಚಿಕ್ಕದು. ಗುಂಡಿಯನ್ನು ಗಡಿಯಾರದ ಒಂಬತ್ತು, ಒಂಬತ್ತೂವರೆಯ ಹತ್ತಿರ ಇಡಿ. ಒಂದು ಸುತ್ತು ಮುಗಿಯಲು ಕೆಲವು ಸೆಕೆಂಡು ಹಿಡಿಯಬೇಕು. ‘ಇರಪ್ಷನ್’ ಎಂಬ 1 ನಿಮಿಷ 42 ಸೆಕೆಂಡಿನ ಆ ತುಣುಕನ್ನು ಕೇಳಿ. ಬೆರಳು ಎಷ್ಟು ಬಿರುಸಾಗಿ ಓಡಿದರೂ ಹಿಂದಿನ ಓಲಾಟ ಅವಸರ ಮಾಡುವುದಿಲ್ಲ.

ಆಂಪ್ ಮಾರ್ಷಲ್ ಕಂಪನಿಯದು, 100 ವಾಟಿನ ವಾಲ್ವ್ ಆಂಪ್ (ಹಳೆಯ ರೇಡಿಯೋದಲ್ಲಿದ್ದಂಥ ಗಾಜಿನ ವಾಲ್ವ್‌ಗಳದು). ಎಲ್ಲ ಗುಂಡಿಗಳೂ ಪೂರ್ತಿ. ಆ ಜೋರಿಗೆ ಯಾವ ಕೋಣೆಯಲ್ಲೂ ನಿಲ್ಲಲಾಗುವುದಿಲ್ಲ. ಅದಕ್ಕೆ ಎಡ್ಡಿ ಆಂಪ್‌ಗೆ ಹೋಗುವ ಕರೆಂಟನ್ನು ವೋಲ್ಟೇಜ್ ಏರಿಸಿ ಇಳಿಸುವ ಒಂದು ವೇರಿಯಾಕ್ ಮೂಲಕ ಕೊಟ್ಟರು. ನಮ್ಮ ಕಾಲೇಜು ಲ್ಯಾಬ್‌ಗಳಲ್ಲಿ ಡಿಮ್ಮರ್‌ಸ್ಟಾಟ್ ಅಂತೀವಲ್ಲ, ಅದೇ. ಮೊದಮೊದಲು ಪತ್ರಿಕೆಯವರ ಮುಂದೆ ವೋಲ್ಟೇಜ್ ಏರಿಸುತ್ತೇನೆ ಎಂದಿದ್ದರು. ಅಸಲಿಗೆ ಇಳಿಸುತ್ತಿದ್ದರು. ಅಮೆರಿಕದ ಮನೆಗಳಲ್ಲಿ ಬರುವ ಸುಮಾರು 120 ವೋಲ್ಟನ್ನು 90ರ ಆಸುಪಾಸಿಗೆ. ವೋಲ್ಟೇಜ್ ಇಳಿದಾಗ ವಾಲ್ವ್‌ಗಳು ಬೇಗ ಸುಸ್ತಾಗುತ್ತವೆ, ಕಡಿಮೆ ಜೋರಿನಲ್ಲೇ ದನಿ ಒಡೆಯುತ್ತದೆ. (‘ನಮ್ಮನ್ಯಾಗ ಬ್ಯಾಸಿಗ್ಯಾಗ ವೋಲ್ಟೇಜ್ ತಾನ ಇಳೀತೈತ್ರಿ’ ಎಂದು ಹಿಂದಿನ ಸಾಲಿನಿಂದ ಯಾರೋ ಹೇಳಿದರು. ಎಲ್ಲರೂ ನಕ್ಕರು.) ನಗಬಹುದು, ಆದರೆ ಮನೆಯಲ್ಲಿ ಇದನ್ನು ಮಾಡಬೇಡಿ. ವಾಲ್ವ್ ಆಂಪ್ ಒಳಗೆ 400 ವೋಲ್ಟ್‌ಗೂ ಮೇಲೆ ಓಡಾಡುತ್ತಿರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಉಳಿದಿರುತ್ತದೆ. ಟ್ರಾನ್ಸಿಸ್ಟರ್ ಆಂಪ್‌ಗೆ ವೋಲ್ಟೇಜ್ ಇಳಿಸಿದರೆ ಈ ನಾದ ಬರುವುದೂ ಇಲ್ಲ. ಇವತ್ತು ಕಂಪ್ಯೂಟರಿನಲ್ಲಿ ಆಂಪ್‌ನ ನಕಲು ಸಿಗುತ್ತದೆ. ಕೆಲವದರಲ್ಲಿ ವೋಲ್ಟೇಜ್ ಇಳಿಸುವ ಗುಂಡಿಯೂ ಇರುತ್ತದೆ. ಅಲ್ಲಿ ಎಷ್ಟು ಬೇಕಾದರೂ ಆಡಿ.

ಇಷ್ಟೆಲ್ಲ ಆದ ಮೇಲೂ ಬಂದದ್ದು ಎಡಗಡೆಯ ಸ್ಪೀಕರಿನ ಒಣ ದನಿ. ಉಳಿದರ್ಧ ಎಡ್ಡಿಯ ಕೈಯಲ್ಲಿ ಇರಲಿಲ್ಲ. ಆಲ್ಬಮ್ ರೆಕಾರ್ಡ್ ಆದದ್ದು 1977ರಲ್ಲಿ, ಹಾಲಿವುಡ್‌ನ ಸನ್‌ಸೆಟ್ ಸೌಂಡ್ ಸ್ಟುಡಿಯೋದಲ್ಲಿ. ನಿರ್ಮಾಪಕರು ಟೆಡ್ ಟೆಂಪಲ್‌ಮನ್, ಎಂಜಿನಿಯರ್ ಡಾನ್ ಲ್ಯಾಂಡಿ. ತಂಡದಲ್ಲಿ ಗಿಟಾರ್ ಒಂದೇ. ಅದನ್ನು ನಡುವೆ ಇಟ್ಟರೆ ಹಾಡುವವರಿಗೂ ಡ್ರಮ್ಸ್‌ಗೂ ಅಡ್ಡ ಬರುತ್ತದೆ. ಎಡಕ್ಕೆ ಇಟ್ಟರೆ ಬಲ ಖಾಲಿ. ಇವರು ಗಿಟಾರನ್ನು ಎಡಕ್ಕಿಟ್ಟು, ಅದರ ಪ್ರತಿಧ್ವನಿಯನ್ನು ಬಲಕ್ಕೆ ಕಳಿಸಿದರು. ಕಿವಿ ಎರಡನ್ನೂ ಕೂಡಿಸಿಕೊಂಡು ದೊಡ್ಡದೊಂದು ಗಿಟಾರ್ ಮಾಡಿಕೊಳ್ಳುತ್ತದೆ. ಒಂದೇ ಸ್ಪೀಕರ್ ಬದುಕಿರುವ ಬಸ್ಸಿನಲ್ಲಿ ಈ ಆಲ್ಬಮ್ ಕೇಳಿದವರಿಗೆ ಇದರ ತೊಂದರೆಯೂ ಗೊತ್ತಾಗುತ್ತದೆ. ಇರಲಿ. ನನ್ನ ಮಟ್ಟಿಗೆ ಆ ಆಲ್ಬಮ್‌ನಲ್ಲಿ ಎಡ್ಡಿಯ ನಂತರ ಹೆಸರು ಹೇಳಬೇಕಾದದ್ದು ಲ್ಯಾಂಡಿಯವರದು. ಪೆಡಲ್ ಮಾರುವವರು ಅವರ ಹೆಸರು ಎತ್ತುವುದಿಲ್ಲ. ಅವರು ಮಾಡಿದ್ದನ್ನು ಡಬ್ಬಿಯಲ್ಲಿ ಹಾಕಿ ಮಾರಲು ಬರುವುದಿಲ್ಲವಲ್ಲ.

ಹಾಗಾದರೆ ಪದರ ಹಾಕುವುದೇ ತಪ್ಪಾ? ಹಾಗೇನಿಲ್ಲ. ಅಮೆರಿಕದ ಲೆಸ್ ಪಾಲ್ 1948ರಲ್ಲೇ ಎಂಟು ಗಿಟಾರ್ ಭಾಗಗಳನ್ನು ಒಬ್ಬರೇ ನುಡಿಸಿ ಒಂದು ರೆಕಾರ್ಡ್ ಹೊರತಂದರು. ಅದೂ ಟೇಪಿಲ್ಲದೆ, ಒಂದು ಡಿಸ್ಕಿನಿಂದ ಇನ್ನೊಂದು ಡಿಸ್ಕಿಗೆ ಕೊರೆಯುತ್ತ. 1966ರಲ್ಲಿ ಲಂಡನ್‌ನ ಆ್ಯಬಿ ರೋಡ್ ಸ್ಟುಡಿಯೋದ ಕೆನ್ ಟೌನ್‌ಸೆಂಡ್, ಎರಡನೇ ಟೇಪ್ ಯಂತ್ರವನ್ನು ಚೂರು ಹಿಂದೆಮುಂದೆ ಓಡಿಸಿ, ಒಂದೇ ದನಿಯನ್ನು ಇಬ್ಬರದಾಗಿ ಕೇಳಿಸುವ ದಾರಿ ಕಂಡುಹಿಡಿದರು. ಎರಡು ಟೇಪುಗಳು ತೀರಾ ಹತ್ತಿರ ಬಂದಾಗ ದನಿ ಸುಳಿ ಸುತ್ತುತ್ತದೆ. ಮರುವರ್ಷ ಸ್ಮಾಲ್ ಫೇಸಸ್ ತಂಡದ ಹಾಡಿನಲ್ಲಿ ಆ ಸುಳಿ ಊರೆಲ್ಲ ಕೇಳಿತು. ಆಮೇಲೆ ಬಂದ ಫೇಸರ್‌ಗಳು ಅಂಥದೇ ಸುಳಿಯನ್ನು ಕಾಲ ಕೆಳಗಿನ ಡಬ್ಬಿಯಲ್ಲಿ ತಂದವು. ಅಂದರೆ ಡಬ್ಬಿ ಸ್ಟುಡಿಯೋದ ನಕಲು, ಇವತ್ತಿನ ಆ್ಯಪ್ ಡಬ್ಬಿಯ ನಕಲು.

ಕ್ವೀನ್ ತಂಡದ ಬ್ರಯಾನ್ ಮೇ ಪದರ ಹಾಕುವುದರಲ್ಲಿ ಪಳಗಿದವರು. ಅವರೂ ಗಿಟಾರ್ ತಾವೇ ಮಾಡಿಕೊಂಡವರು. ತಂದೆಯ ಜೊತೆ ಕೂತು 1963ರಲ್ಲಿ ಶುರು ಮಾಡಿದ್ದು. ನೆಕ್‌ಗೆ ಹಳೆಯ ಬೆಂಕಿಗೂಡಿನ ಮರ. ಆದರೆ ಅವರ ಪದರಗಳನ್ನು ಗಮನವಿಟ್ಟು ಕೇಳಿ. ಒಂದೊಂದು ಪದರವೂ ಬೇರೆ ಬೇರೆ ಸ್ವರದಲ್ಲಿದೆ. ಒಂದು ಷಡ್ಜದಲ್ಲಿದ್ದರೆ ಇನ್ನೊಂದು ಗಾಂಧಾರದಲ್ಲಿ, ಮತ್ತೊಂದು ಪಂಚಮದಲ್ಲಿ. ನಾವು ಮಾಡುವುದು ಅದೇ ಸ್ವರ, ಅದೇ ಕಾರ್ಡ್, ನಾಲ್ಕು ಸಲ. ಮೇಲಾಗಿ ನಾಲ್ಕಕ್ಕೂ ಫೇಸರ್. ಒಂದರ ತೂತು ಏರುವಾಗ ಇನ್ನೊಂದರದು ಇಳಿಯುತ್ತಿರುತ್ತದೆ. ಒಂದು ಟ್ರ್ಯಾಕ್ ಕೊರೆದದ್ದನ್ನು ಇನ್ನೊಂದು ತುಂಬುತ್ತದೆ. ಓಲಾಟ ಎಲ್ಲೂ ಇಲ್ಲ, ಬರೀ ಮಬ್ಬು. ಪದರ ಬೇಕೇ ಬೇಕೆಂದರೆ ಒಂದೇ ಟ್ರ್ಯಾಕಿಗೆ ಫೇಸರ್ ಇಡಿ, ಉಳಿದವನ್ನು ಒಣದಾಗಿ ಬಿಡಿ.

ಎಡ್ಡಿಯ ಆಲ್ಬಮ್‌ನಲ್ಲೂ ಪದರ ಹಾಕಿದ ಒಂದು ಜಾಗ ಇದೆ. ಈ ಊರಿನಲ್ಲಿ ಅದನ್ನು ಹೇಳದೆ ಹೋಗಬಾರದು. ‘ಏಂಟ್ ಟಾಕಿನ್ ಬೌಟ್ ಲವ್’ ಹಾಡಿನ ಸೋಲೋದಲ್ಲಿ ಗಿಟಾರ್ ಜೊತೆಗೆ ಅದೇ ಸ್ವರಗಳನ್ನು ಎಲೆಕ್ಟ್ರಿಕ್ ಸಿತಾರ್‌ನಲ್ಲೂ ನುಡಿಸಿ ಕೂಡಿಸಿದ್ದಾರೆ. ಅದು ಹೆಸರಿಗೆ ಸಿತಾರ್. ಹಿಡಿಯುವುದು ಗಿಟಾರಿನಂತೆ, ಕುದುರೆ ಮಾತ್ರ ಚಪ್ಪಟೆ, ತಂತಿ ಅದರ ಮೇಲೆ ಉಜ್ಜಿ ಝೇಂಕರಿಸುತ್ತದೆ. ಸಿತಾರ್ ರತ್ನ ರಹಿಮತ್ ಖಾನರು ನೆಲೆಸಿದ ಧಾರವಾಡದಲ್ಲಿ ಅದನ್ನು ಸಿತಾರ್ ಎಂದರೆ ಯಾರೂ ಒಪ್ಪಲಿಕ್ಕಿಲ್ಲ. ಆದರೂ ಕೇಳಿ. ಸ್ವರ ಒಂದೇ, ನಾದದ ಜಾತಿ ಬೇರೆ. ಹಾಗಾಗಿ ಆ ಪದರ ರಾಡಿಯಾಗದೆ ನಿಂತಿದೆ.

ಇನ್ನು ಬಲಗಡೆಯ ಪ್ರತಿಧ್ವನಿಯನ್ನು ಇಲ್ಲಿ ಹೇಗೆ ತರುವುದು? ಹಳೆಯ ಸ್ಟುಡಿಯೋಗಳಲ್ಲಿ ಇದಕ್ಕೆಂದೇ ಗಟ್ಟಿ ಗೋಡೆಯ ಖಾಲಿ ಕೋಣೆ ಇರುತ್ತಿತ್ತು. ಒಂದು ಮೂಲೆಯಲ್ಲಿ ಸ್ಪೀಕರ್, ಇನ್ನೊಂದು ಕಡೆ ಮೈಕ್. ಸನ್‌ಸೆಟ್ ಸೌಂಡ್‌ನ ಅಂಥ ಕೋಣೆ ಇವತ್ತಿಗೂ ಹೆಸರುವಾಸಿ. ಧಾರವಾಡ, ಗದಗದ ಹಳೆಯ ಮನೆಗಳಲ್ಲಿ ಇದಕ್ಕೆ ಬೇಕಾದದ್ದೆಲ್ಲ ಇದೆ: ಕಲ್ಲಿನ ನೆಲ, ದಪ್ಪ ಗೋಡೆ, ಎತ್ತರದ ಮಾಡು. ಪಡಸಾಲೆಯ ಚಾಪೆ, ಪರದೆ, ಗಾದಿ ಹೊರಗೆ ಹಾಕಿ. ರೆಕಾರ್ಡ್ ಮಾಡಿದ ಗಿಟಾರನ್ನು ಸ್ಪೀಕರಿನಲ್ಲಿ ಹಚ್ಚಿ, ಅದರ ಮುಖವನ್ನು ಮೂಲೆಗೆ ತಿರುಗಿಸಿ. ಮೈಕನ್ನು ಎದುರಿನ ಮೂಲೆಯಲ್ಲಿ, ಸ್ಪೀಕರಿಗೆ ಬೆನ್ನು ಮಾಡಿ ನಿಲ್ಲಿಸಿ. ಮೈಕಿಗೆ ಸೀದಾ ದನಿ ಹೋಗಬಾರದು, ಗೋಡೆಗೆ ಬಡಿದದ್ದು ಮಾತ್ರ ಹೋಗಬೇಕು. ಅಡುಗೆಮನೆಯಲ್ಲಿ ಕುಕ್ಕರ್ ಇಟ್ಟಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಹೀಗೆ ಬಂದ ರೆಕಾರ್ಡಿಂಗನ್ನು ಬಲಕ್ಕೆ ಹಾಕಿ, ತಗ್ಗಿನ ಗುಂಯ್ ಸದ್ದು ಸ್ವಲ್ಪ ಕತ್ತರಿಸಿ. ಮನೆಯವರು ಗಾದಿ ಹೊರಗೆ ಹಾಕಲು ಬಿಡದಿದ್ದರೆ ಪ್ರತಿಧ್ವನಿ ಹುಟ್ಟಿಸುವ ಕಂಪ್ಯೂಟರಿನ ರಿವರ್ಬ್ ಇದ್ದೇ ಇದೆ. ಅದರಲ್ಲಿ ಮೂಲ ದನಿ ಪೂರ್ತಿ ಸೊನ್ನೆ ಮಾಡಿ, ಪ್ರತಿಧ್ವನಿ ಶುರುವಾಗುವ ಮೊದಲು 20 ಮಿಲಿಸೆಕೆಂಡಿನಷ್ಟು ಬಿಡುವು ಕೊಡಿ.

ಪ್ರಶ್ನೆಗಳು ತುಂಬ ಬಂದವು. ಹುಬ್ಬಳ್ಳಿಯ ಹುಡುಗನೊಬ್ಬ ಕೇಳಿದ: ‘ಸರ್, ನಾವು ಗಣಪತಿ ಹಬ್ಬದಾಗ ಆರ್ಕೆಸ್ಟ್ರಾ ಮಾಡ್ತೀವ್ರಿ. ಸ್ಟೇಜ್ ಮ್ಯಾಲೆ ಹಿಂಗ ಎಡಕ್ಕ ಗಿಟಾರ್, ಬಲಕ್ಕ ಎಕೋ ಮಾಡಬಹುದೇನ್ರಿ?’ ಬೇಡಪ್ಪಾ. ಬಲಗಡೆ ನಿಂತ ಜನಕ್ಕೆ ಹಬ್ಬವೆಲ್ಲ ಎಕೋನೇ ಕೇಳುತ್ತದೆ. ಸ್ಟೇಜಿನಲ್ಲಿ ಎರಡೂ ಕಡೆ ಒಂದೇ ದನಿ ಇರಲಿ. ಫೇಸರನ್ನು ಆಂಪ್ ಮುಂದಿಟ್ಟು, ಸೋಲೋ ಬಂದಾಗ ಮಾತ್ರ ಒತ್ತು. ಅಷ್ಟಕ್ಕೇ ಗಿಟಾರ್ ಗುಂಪಿನಿಂದ ಎದ್ದು ಬರುತ್ತದೆ.

ಹಿಂದೂಸ್ತಾನಿ ಹಾಡುವ ಹಿರಿಯರೊಬ್ಬರು ಎದ್ದು, ‘ಈ ಡಬ್ಬಿ ನಮ್ಮ ಎಲೆಕ್ಟ್ರಾನಿಕ್ ತಂಬೂರಿಗೆ ಹಚ್ಚಿದ್ರ ಹೆಂಗ?’ ಎಂದರು. ಅಲ್ಲೇ ಹಚ್ಚಿ ನೋಡಿದೆವು. ಮೊದಲ ಅರ್ಧ ನಿಮಿಷ ಎಲ್ಲರೂ ತಲೆದೂಗಿದರು. ಆಮೇಲೆ ಅವರು ಷಡ್ಜ ಹಚ್ಚಿ ನೋಡಿ, ಕೈ ಅಡ್ಡ ಆಡಿಸಿದರು. ‘ಸಾ ನಿಂತಲ್ಲೇ ನಿಂತೈತಿ, ಆದ್ರ ನಿಂತಂಗ ಅನಿಸವಲ್ದು. ಇದರ ಜೋಡಿ ಹಾಡಾಕ ಆಗೂದಿಲ್ರಿ.’ ಅವರ ಕಿವಿ ಸರಿಯಾಗಿತ್ತು. ಸ್ವರ ಕದಲುವುದಿಲ್ಲ. ಆದರೆ ಅದರ ಮೇಲಿನ ಸ್ವರಗಳ ಮೇಲೆ ತೂತು ಹಾದುಹೋಗುವಾಗ ಆಸರೆ ತಪ್ಪಿದ ಹಾಗಾಗುತ್ತದೆ.

ಕೊನೆಗೆ, ‘ಸರ, ಇದೆಲ್ಲಾ ಮೊಬೈಲ್ ಆ್ಯಪ್‌ನ್ಯಾಗ ಆಗತೈತೇನ್ರಿ? ರೊಕ್ಕ ಇಲ್ರಿ’ ಎಂದು ಒಬ್ಬ ಕಾಲೇಜು ಹುಡುಗಿ. ಆಗುತ್ತದೆ ತಂಗಿ. ಆ್ಯಪ್‌ನ ಫೇಸರ್‌ನಲ್ಲಿ ಮೆಟ್ಟಿಲು ಎಷ್ಟು ಎಂದು ಕೇಳಿದರೆ ನಾಲ್ಕು ಅನ್ನು. ಫೀಡ್‌ಬ್ಯಾಕ್ ಸೊನ್ನೆ. ಮಿಕ್ಸ್ ಗುಂಡಿ ಸರಿಯಾಗಿ ಅರ್ಧಕ್ಕೆ. ಅದನ್ನು ಪೂರ್ತಿ ತಿರುಗಿಸಿದರೆ ಕೂಡಿಸಲು ಸೀದಾ ದನಿಯೇ ಇರುವುದಿಲ್ಲ, ತೂತೂ ಬೀಳುವುದಿಲ್ಲ, ಸ್ವರ ನಡುಗುತ್ತದೆ ಅಷ್ಟೇ. ಎಡ್ಡಿಯ ನಾದ ಎಂದು ರೆಡಿಮೇಡ್ ಸೆಟ್ಟಿಂಗ್ ಇದ್ದರೆ ಅದನ್ನು ಬಿಚ್ಚಿ, ಫೇಸರ್ ಎಲ್ಲಿ ಕೂತಿದೆ ನೋಡು. ಆಂಪ್‌ನ ಆಚೆ ಕೂತಿದ್ದರೆ ಬೆರಳಿನಿಂದ ಎಳೆದು ಈಚೆಗೆ ತಾ.